ಸುಡುವುದೋ, ಹೆಪ್ಪುಗಟ್ಟಿಸುವುದೋ: ವೇಗದ ಎದೆಬಡಿತಕ್ಕೆ ಕ್ರಯೋ ಅಬ್ಲೇಶನ್ ಎಷ್ಟು ಸುರಕ್ಷಿತ?

ಸುಮ್ನೆ ಕೂತಿದ್ದಾಗ ಎದೆ ಢವಢವ ಅನ್ನಲು ಶುರುವಾಗುತ್ತದೆ. ನಾಡಿ ನಿಮಿಷಕ್ಕೆ 180 ದಾಟುತ್ತದೆ. ಇಸಿಜಿ ತೆಗೆದು, ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿ, ಕೊನೆಗೆ ಡಾಕ್ಟರು "ಅಬ್ಲೇಶನ್ ಮಾಡಿಸಿಕೊಳ್ಳಬಹುದು" ಅನ್ನುತ್ತಾರೆ. ಅಂದರೆ ಬಡಿತ ಕೆಡಿಸುವ ಜಾಗದ ಕೋಶಗಳನ್ನು ಕೊಂದು ತೊಂದರೆ ನಿಲ್ಲಿಸುವುದು. ಗೊಂದಲ ಶುರುವಾಗುವುದೇ ಆಮೇಲೆ. ಒಬ್ಬ ಡಾಕ್ಟರು ಬಿಸಿಯಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ, ಅಂದರೆ ಆರ್‌ಎಫ್ ಹೇಳುತ್ತಾರೆ. ಇನ್ನೊಬ್ಬರು ಹೆಪ್ಪುಗಟ್ಟಿಸುವ ಕ್ರಯೋ ಹೇಳುತ್ತಾರೆ. ಈಗೀಗ ಪಿಎಫ್‌ಎ (ಪಲ್ಸ್ಡ್ ಫೀಲ್ಡ್ ಅಬ್ಲೇಶನ್, ವಿದ್ಯುತ್ ಮಿಡಿತದ ವಿಧಾನ) ಅನ್ನುವ ಮೂರನೆಯದೂ ಸೇರಿಕೊಂಡಿದೆ. ಮಾತ್ರೆಯಲ್ಲೇ ಮುಂದುವರಿಯುವ ದಾರಿಯಂತೂ ಇದ್ದೇ ಇದೆ.

"ಕ್ರಯೋ ಸೇಫಾ?" ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾಕೆಂದರೆ ಕ್ರಯೋ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಒಂದರಲ್ಲಿ, ಹೃದಯದ ನಡುವಿನ ಎವಿ ನೋಡ್ (ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ದಾಟಿಸುವ ಜಾಗ) ಪಕ್ಕದಲ್ಲಿ ಕ್ಯಾಥೆಟರ್ ಅನ್ನುವ ತೆಳ್ಳಗಿನ ಕೊಳವೆಯ ತುದಿಯಿಂದ ಒಂದು ಚುಕ್ಕೆಯಷ್ಟು ಜಾಗವನ್ನು ಹೆಪ್ಪುಗಟ್ಟಿಸುತ್ತಾರೆ. ಇನ್ನೊಂದರಲ್ಲಿ, ಎಡ ಮೇಲ್ಕೋಣೆಗೆ ಬಲೂನು ಕಳಿಸಿ ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿಯನ್ನು ಸುತ್ತಲೂ ಹೆಪ್ಪುಗಟ್ಟಿಸುತ್ತಾರೆ. ಮೊದಲನೆಯದರಲ್ಲಿ ಕ್ರಯೋದ ಸುರಕ್ಷತೆ ನಿಜವಾದ ಲಾಭ. ಎರಡನೆಯದರಲ್ಲಿ ಒಂದು ಅಪಾಯ ಕಡಿಮೆಯಾದರೆ ಇನ್ನೊಂದು ಜಾಸ್ತಿಯಾಗುತ್ತದೆ. ಹಾಗಾಗಿ ನಿಮಗಿರುವುದು ಯಾವ ಬಗೆಯ ವೇಗದ ಬಡಿತ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ವಿಧಾನದ ಮಾತು ಆಮೇಲೆ.

ತಣ್ಣಗೆ ಮಾಡಿದರೆ ಒಳಗೆ ಆಗುವುದೇನು

ಯಾವ ಅಬ್ಲೇಶನ್ ಆದರೂ ಶುರು ಒಂದೇ ಥರ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್‌ಗಳನ್ನು ಹೃದಯದವರೆಗೆ ಕಳಿಸುತ್ತಾರೆ. ಅಲ್ಲಿ ವಿದ್ಯುತ್ ಸಂಕೇತಗಳನ್ನು ಅಳೆದು, ಬಡಿತವನ್ನು ಕೆಡಿಸುತ್ತಿರುವ ಜಾಗವನ್ನು ಹುಡುಕುತ್ತಾರೆ. ಇದಕ್ಕೆ ಇಪಿ ಸ್ಟಡಿ ಅನ್ನುತ್ತಾರೆ. ಆ ಜಾಗದ ಜೀವಕೋಶಗಳು ಸತ್ತು ಕಲೆಯಾದರೆ ಅಲ್ಲಿ ವಿದ್ಯುತ್ ಹರಿಯುವುದಿಲ್ಲ. ಕೊಲ್ಲುವ ವಿಧಾನ ಮಾತ್ರ ಬೇರೆ ಬೇರೆ.

ಆರ್‌ಎಫ್‌ನಲ್ಲಿ ಕ್ಯಾಥೆಟರ್ ತುದಿಯ ಬಳಿಯ ಮಾಂಸ ಬಿಸಿಯಾಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಶಗಳು ಸಾಯುತ್ತವೆ. ಇದು ಸೆಕೆಂಡುಗಳ ಕೆಲಸ. ಸತ್ತದ್ದು ಮತ್ತೆ ಬದುಕುವುದಿಲ್ಲ.

ಕ್ರಯೋದಲ್ಲಿ ಒತ್ತಡದಲ್ಲಿರುವ ನೈಟ್ರಸ್ ಆಕ್ಸೈಡ್ ಕ್ಯಾಥೆಟರ್ ಒಳಗಿನ ಸಣ್ಣ ಕೊಳವೆಯಲ್ಲಿ ತುದಿಯವರೆಗೆ ಹೋಗುತ್ತದೆ. ಅಲ್ಲಿ ಹಿಗ್ಗಿ ಅನಿಲವಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಇನ್ನೊಂದು ದಾರಿಯಲ್ಲಿ ಯಂತ್ರಕ್ಕೇ ವಾಪಸ್ ಹೋಗುತ್ತದೆ. ರಕ್ತಕ್ಕೆ ಸೇರುವುದಿಲ್ಲ. ಎಲ್ಲಾದರೂ ಸೋರಿಕೆ ಕಂಡರೆ ಯಂತ್ರ ತಾನಾಗಿ ನಿಲ್ಲುತ್ತದೆ. ಕ್ಯಾಥೆಟರ್ ತುದಿ ಮೈನಸ್ 70ರಿಂದ 80 ಡಿಗ್ರಿವರೆಗೆ ಇಳಿಯುತ್ತದೆ. ಕೋಶಗಳ ಒಳಗೂ ಹೊರಗೂ ಮಂಜಿನ ಹರಳು ಕಟ್ಟುತ್ತವೆ. ಕರಗುವಾಗ ಕೋಶದ ಗೋಡೆ ಒಡೆಯುತ್ತದೆ.

ಸುರಕ್ಷತೆಯ ದೃಷ್ಟಿಯಿಂದ ಇಲ್ಲಿ ಎರಡು ವಿಷಯ ಮುಖ್ಯ.

ಮೊದಲನೆಯದು, ಪರೀಕ್ಷೆ ಮಾಡಿ ನೋಡುವ ಅವಕಾಶ. ಪೂರ್ತಿ ಹೆಪ್ಪುಗಟ್ಟಿಸುವ ಮೊದಲು ತುದಿಯನ್ನು ಮೈನಸ್ 30 ಡಿಗ್ರಿ ಹತ್ತಿರ ಒಂದು ನಿಮಿಷದೊಳಗೆ ಹಿಡಿದು ನೋಡಬಹುದು. ಆ ತಂಪಿನಲ್ಲಿ ಕೋಶಗಳು ಕೆಲಸ ನಿಲ್ಲಿಸುತ್ತವೆ, ಆದರೆ ಸಾಯುವುದಿಲ್ಲ. ತಪ್ಪು ಜಾಗ ಅಂತ ಕಂಡರೆ ಬಿಸಿಯಾಗಲು ಬಿಟ್ಟರೆ ಸಾಕು, ಮೊದಲಿನಂತಾಗುತ್ತದೆ. ಇದಕ್ಕೆ ಕ್ರಯೋಮ್ಯಾಪಿಂಗ್ ಅನ್ನುತ್ತಾರೆ. ಆರ್‌ಎಫ್‌ನಲ್ಲಿ ಈ ಸೌಲಭ್ಯ ಇಲ್ಲ.

ಎರಡನೆಯದು, ಅಂಟಿಕೊಳ್ಳುವ ಗುಣ. ಒದ್ದೆ ಬೆರಳು ಫ್ರೀಜರಿನ ಮಂಜಿಗೆ ಅಂಟುವ ಹಾಗೆ ತುದಿ ಅಲ್ಲೇ ಹಿಡಿದುಕೊಳ್ಳುತ್ತದೆ. ಹೃದಯ ಎಷ್ಟೇ ಕುಣಿದರೂ, ರೋಗಿ ಕೆಮ್ಮಿದರೂ ಜಾರುವುದಿಲ್ಲ. ಸುಡುವ ತುದಿ ಎರಡು ಮಿಲಿಮೀಟರ್ ಜಾರಿದರೂ ಕೆಲವು ಜಾಗಗಳಲ್ಲಿ ಅನಾಹುತ ಆಗಬಹುದು.

ಇನ್ನೊಂದು ಲಾಭ ನೋವಿನದು. ಆರ್‌ಎಫ್ ಕೊಡುವಾಗ ಎದೆಯಲ್ಲಿ ಉರಿ ಅನ್ನಿಸಬಹುದು. ಕ್ರಯೋದಲ್ಲಿ ಅದು ಕಡಿಮೆ.

ಇನ್ನು ಇದರ ಮತ್ತೊಂದು ಮುಖ. ಕ್ರಯೋ ಮೃದುವಾದದ್ದು, ನಿಧಾನದ್ದು. ಒಂದು ಜಾಗಕ್ಕೆ ನಾಲ್ಕು ನಿಮಿಷ ಹಿಡಿಯುವುದು ಮಾಮೂಲು. ಗಾಯದ ಅಂಚಿನಲ್ಲಿರುವ ಕೋಶಗಳು ಕೆಲವೊಮ್ಮೆ ಸತ್ತಿರುವುದಿಲ್ಲ, ಬರೀ ಮಂಕಾಗಿರುತ್ತವೆ. ಕೆಲವು ವಾರಗಳಲ್ಲಿ ಅವು ಎಚ್ಚರಗೊಂಡರೆ ಹಳೇ ಬಡಿತ ಮತ್ತೆ ಬರುತ್ತದೆ. ತಪ್ಪಿದರೆ ಸರಿಪಡಿಸಬಹುದು ಅನ್ನುವ ಗುಣವೇ ಮತ್ತೆ ಬರುವ ದೌರ್ಬಲ್ಯಕ್ಕೂ ಕಾರಣ. ಈ ಎರಡನ್ನೂ ಒಟ್ಟಿಗೇ ತೂಗಬೇಕು. ಒಂದನ್ನು ಮಾತ್ರ ಹೇಳುವವರ ಮಾತನ್ನು ಅರ್ಧ ನಂಬಿ.

ಎವಿಎನ್‌ಆರ್‌ಟಿ: ಕ್ರಯೋ ನಿಜಕ್ಕೂ ಮುಂದಿರುವ ಜಾಗ

ಇದ್ದಕ್ಕಿದ್ದಂತೆ ಶುರುವಾಗಿ, ಸ್ವಿಚ್ ಒತ್ತಿದಂತೆ ನಿಲ್ಲುವ ವೇಗದ ಬಡಿತ ಎಸ್‌ವಿಟಿ (ಹೃದಯದ ಮೇಲ್ಭಾಗದಲ್ಲಿ ಹುಟ್ಟುವ ವೇಗದ ಬಡಿತ) ಆಗಿರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಹೆಚ್ಚು ಸಾಮಾನ್ಯವಾದದ್ದು ಎವಿಎನ್‌ಆರ್‌ಟಿ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ದಾಟಿಸುವ ಏಕೈಕ ಸರಿಯಾದ ಬಾಗಿಲು ಎವಿ ನೋಡ್. ಕೆಲವರಲ್ಲಿ ಅದಕ್ಕೆ ಒಂದು ವೇಗದ ದಾರಿ, ಒಂದು ನಿಧಾನದ ದಾರಿ ಎರಡೂ ಇರುತ್ತವೆ. ವಿದ್ಯುತ್ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಅಲ್ಲೇ ಗಿರಕಿ ಹೊಡೆಯುತ್ತದೆ.

ಚಿಕಿತ್ಸೆ ಅಂದರೆ ನಿಧಾನದ ದಾರಿಯನ್ನು ಮುಚ್ಚುವುದು. ಅದು ಎವಿ ನೋಡ್‌ನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿದೆ. ಅಲ್ಲಿ ತಪ್ಪಿದರೆ ನೋಡ್ ಪೂರ್ತಿ ಕೆಡಬಹುದು. ಹಾಗಾದರೆ ಪೇಸ್‌ಮೇಕರ್ ಹಾಕಬೇಕು. ಅದು ಜೀವನಪರ್ಯಂತ. ಬ್ಯಾಟರಿ ಮುಗಿದಾಗಲೆಲ್ಲ ಬದಲಿಸುತ್ತಾ ಹೋಗಬೇಕು.

ಆರ್‌ಎಫ್‌ನಲ್ಲಿ ಈ ಅಪಾಯ ಎಷ್ಟು? ನುರಿತವರ ಕೈಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡು ವಿಧಾನಗಳನ್ನೂ ನೇರವಾಗಿ ಎದುರುಬದುರು ಇಟ್ಟು ನೋಡಿದ ದೊಡ್ಡ ಅಧ್ಯಯನ 2010ರಲ್ಲಿ ಬಂದ ಸಿರಾನೋ. ಅದರಲ್ಲಿ 509 ರೋಗಿಗಳಿದ್ದರು. ಆರ್‌ಎಫ್ ಗುಂಪಿನಲ್ಲಿ ಶಾಶ್ವತ ಬ್ಲಾಕ್ (ಎವಿ ನೋಡ್ ಮೂಲಕ ವಿದ್ಯುತ್ ದಾಟದಿರುವುದು) ಶೇ 0.4. ಕ್ರಯೋ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆದರೆ ಆರು ತಿಂಗಳಲ್ಲಿ ಮತ್ತೆ ಅದೇ ಬಡಿತ ಬಂದವರು ಆರ್‌ಎಫ್‌ನಲ್ಲಿ ಶೇ 4.4, ಕ್ರಯೋದಲ್ಲಿ ಶೇ 9.4. ಅಂದರೆ ದುಪ್ಪಟ್ಟಿಗಿಂತ ಜಾಸ್ತಿ. ಕ್ರಯೋಗೆ ಸಮಯ ಜಾಸ್ತಿ ಹಿಡಿಯಿತು, ನೋವು ಕಡಿಮೆ ಇತ್ತು.

ಈ ಅಂಕಿಗಳನ್ನು ಓದುವಾಗ ಜನ ಎಡವುವುದು ಇಲ್ಲೇ. ಶೇ 9.4 ದೊಡ್ಡ ಸಂಖ್ಯೆ, ಶೇ 0.4 ಚಿಕ್ಕದು. ಹಾಗಾಗಿ ಆರ್‌ಎಫ್ ವಾಸಿ ಅಂತ ಅನ್ನಿಸುತ್ತದೆ. ಆದರೆ ಎರಡೂ ಒಂದೇ ತೂಕದ ತೊಂದರೆಗಳಲ್ಲ. ಬಡಿತ ಮತ್ತೆ ಬಂದರೆ ಇನ್ನೊಮ್ಮೆ ಅಬ್ಲೇಶನ್ ಮಾಡಿಸಿಕೊಳ್ಳಬಹುದು. ಬೇಸರದ ವಿಷಯ, ಖರ್ಚಿನ ವಿಷಯ, ನಿಜ. ಆದರೂ ಮುಗಿಯುವಂಥದ್ದು. ಪೇಸ್‌ಮೇಕರ್ ಹಾಗೆ ಮುಗಿಯುವುದಿಲ್ಲ.

ವಯಸ್ಸು ತೀರ್ಮಾನಕ್ಕೆ ಬರುವುದು ಈ ಕಾರಣಕ್ಕೆ. ಹತ್ತು ವರ್ಷದ ಮಗುವಿಗೆ ಪೇಸ್‌ಮೇಕರ್ ಬಂದರೆ ಮುಂದಿನ ಆರೇಳು ದಶಕ ಅದರೊಂದಿಗೇ ಬದುಕಬೇಕು. ಮಕ್ಕಳ ಹೃದಯ ಚಿಕ್ಕದು, ಎವಿ ನೋಡ್‌ಗೂ ನಿಧಾನದ ದಾರಿಗೂ ನಡುವೆ ಜಾಗ ಇನ್ನೂ ಕಡಿಮೆ. ಮಕ್ಕಳ ಹೃದ್ರೋಗ ತಜ್ಞರು ಕ್ರಯೋ ಕಡೆ ವಾಲುವುದು ಇದರಿಂದಲೇ. ನನ್ನ ಲೆಕ್ಕದಲ್ಲಿ ಮಕ್ಕಳು, ಹದಿಹರೆಯದವರು, ಇಪ್ಪತ್ತು ಮೂವತ್ತರ ವಯಸ್ಸಿನವರು ಎವಿಎನ್‌ಆರ್‌ಟಿಗೆ ಕ್ರಯೋ ಸಿಗುವ ಕಡೆ ಒಮ್ಮೆ ವಿಚಾರಿಸಿಯೇ ಮುಂದೆ ಹೋಗಬೇಕು. ಇಸಿಜಿಯಲ್ಲಿ ಪಿಆರ್ ಅಂತರ (ಸಂಕೇತ ಮೇಲಿನಿಂದ ಕೆಳಗಿನ ಕೋಣೆಗೆ ದಾಟುವ ಸಮಯ) ಮೊದಲೇ ಉದ್ದ ಇರುವವರೂ ಅಷ್ಟೆ.

ಅರವತ್ತು ದಾಟಿದವರ ಲೆಕ್ಕ ಬೇರೆ. ಒಂದೇ ಸಲಕ್ಕೆ ಮುಗಿಯಲಿ, ಮತ್ತೆ ಆಸ್ಪತ್ರೆಗೆ ಬರುವುದು ಬೇಡ ಅನ್ನುವವರಿಗೆ, ನುರಿತ ಕೈಯಲ್ಲಿ ಆರ್‌ಎಫ್ ಒಳ್ಳೇ ಆಯ್ಕೆ. 250ರಲ್ಲಿ ಒಬ್ಬರಿಗೆ ಬರಬಹುದಾದ ಅಪಾಯಕ್ಕೆ ಹೆದರಿ ಕ್ರಯೋ ಇರುವ ಆಸ್ಪತ್ರೆಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಕ್ರಯೋ ಮಾಡುವಾಗ ತಾತ್ಕಾಲಿಕ ಬ್ಲಾಕ್ ಬರುವುದು ಅಪರೂಪವೇನಲ್ಲ. ಮಾನಿಟರ್ ಮೇಲೆ ಅದು ಕಂಡ ಕೂಡಲೇ ತಂಪು ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಸೆಕೆಂಡುಗಳಲ್ಲಿ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ರಿಪೋರ್ಟಿನಲ್ಲಿ "ತಾತ್ಕಾಲಿಕ ಎವಿ ಬ್ಲಾಕ್" ಅಂತ ಬರೆದಿದ್ದನ್ನು ನೋಡಿ ಗಾಬರಿಯಾಗಬೇಡಿ. ಆ ಎಚ್ಚರಿಕೆ ಸಿಗಲಿ ಅಂತಲೇ ಕ್ರಯೋ ಆರಿಸಿದ್ದು ಅಲ್ವಾ?

ಡಬ್ಲ್ಯುಪಿಡಬ್ಲ್ಯು: ತಂತು ಎಲ್ಲಿದೆ ಅನ್ನುವುದೇ ಪ್ರಶ್ನೆ

ಡಬ್ಲ್ಯುಪಿಡಬ್ಲ್ಯು (ವುಲ್ಫ್-ಪಾರ್ಕಿನ್ಸನ್-ವೈಟ್) ಅನ್ನುವ ಈ ತೊಂದರೆಯಲ್ಲಿ ಹುಟ್ಟಿನಿಂದಲೇ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಒಂದು ಹೆಚ್ಚುವರಿ ತಂತು ಇರುತ್ತದೆ. ಅದು ಹೃದಯದ ಎಡಬದಿಯ ಹೊರಗೋಡೆಯಲ್ಲಿದ್ದರೆ ಆರ್‌ಎಫ್ ಸಾಕು. ಎವಿ ನೋಡ್ ಅಲ್ಲಿಂದ ದೂರ, ಹಾಗಾಗಿ ಕ್ರಯೋ ಕೇಳಿ ಸಿಗುವ ಲಾಭ ಏನೂ ಇಲ್ಲ. ತಂತು ನಡುಗೋಡೆಯಲ್ಲಿ, ಎವಿ ನೋಡ್‌ನಿಂದ ವಿದ್ಯುತ್ ಕೆಳಗೊಯ್ಯುವ ಹಿಸ್ ಕಟ್ಟಿನ ಪಕ್ಕದಲ್ಲೇ ಇದ್ದರೆ ಮಾತ್ರ ಕ್ರಯೋಗೆ ಬೆಲೆ. ಅಲ್ಲಿ ಕ್ರಯೋ ನಂತರ ತಂತು ಮತ್ತೆ ಜೀವ ಪಡೆಯುವುದು ಎವಿಎನ್‌ಆರ್‌ಟಿಗಿಂತಲೂ ಜಾಸ್ತಿ. ಆದರೂ ಆ ಜಾಗದಲ್ಲಿ ಅದನ್ನು ಒಪ್ಪಿಕೊಳ್ಳಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ಡಬ್ಲ್ಯುಪಿಡಬ್ಲ್ಯುನಲ್ಲಿ "ಏನೂ ಮಾಡಿಸುವುದಿಲ್ಲ" ಅನ್ನುವುದು ಯಾವಾಗಲೂ ಸುರಕ್ಷಿತ ಅಲ್ಲ. ಇಂಥವರಿಗೆ ಎಟ್ರಿಯಲ್ ಫಿಬ್ರಿಲೇಶನ್ (ಎಎಫ್, ಮೇಲ್ಕೋಣೆಗಳ ಲಯ ತಪ್ಪಿದ ಬಡಿತ) ಬಂದರೆ ಆ ತಂತಿನ ಮೂಲಕ ಅತಿ ವೇಗದ ಸಂಕೇತ ಕೆಳಗಿಳಿದು ಜೀವಕ್ಕೇ ಕುತ್ತು ಬರಬಹುದು. ಆ ಹೊತ್ತಿನಲ್ಲಿ ವೆರಪಮಿಲ್, ಡಿಗಾಕ್ಸಿನ್ ಥರದ ಔಷಧ ಕೊಟ್ಟರೆ ಪರಿಸ್ಥಿತಿ ಕೆಡುತ್ತದೆ. ಡಬ್ಲ್ಯುಪಿಡಬ್ಲ್ಯು ಇದೆ ಅಂತ ಗೊತ್ತಿರುವವರು ಅದನ್ನು ಒಂದು ಚೀಟಿಯಲ್ಲಿ ಬರೆದು ಜತೆಗಿಟ್ಟುಕೊಳ್ಳುವುದು ಒಳ್ಳೆಯದು.

ಬಲ ಮೇಲ್ಕೋಣೆ ಒಂದೇ ಲಯದಲ್ಲಿ ಅತಿ ವೇಗವಾಗಿ ಬಡಿಯುವ ಸಾಮಾನ್ಯ ಎಟ್ರಿಯಲ್ ಫ್ಲಟರ್‌ಗೆ ಆರ್‌ಎಫ್ ರೂಢಿಯ ವಿಧಾನ. ಕೆಳಗಿನ ಕೋಣೆಯಲ್ಲೇ ಹುಟ್ಟುವ ವೇಗದ ಬಡಿತಕ್ಕೂ (ವಿಟಿ) ಹೆಚ್ಚಾಗಿ ಅದೇ. ಅಲ್ಲಿ ಕ್ರಯೋ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಕಡಿಮೆ.

ಎಟ್ರಿಯಲ್ ಫಿಬ್ರಿಲೇಶನ್: ಇಲ್ಲಿ ಬಲೂನು ಬರುತ್ತದೆ

ನಾಡಿ ಲಯವೇ ಇಲ್ಲದೆ ಹೇಗೆಂದರೆ ಹಾಗೆ ಬಡಿಯುವ ಎಎಫ್‌ನಲ್ಲಿ ಕಿಡಿ ಬಹಳ ಸಲ ಏಳುವುದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ಬರುವ ರಕ್ತನಾಳಗಳ ಒಳಗೆ. ಇದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿಕೊಟ್ಟರು. ಆ ನಾಳಗಳನ್ನು ಕೋಣೆಯಿಂದ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸುವುದೇ ಈಗಿನ ಚಿಕಿತ್ಸೆ.

ಆರ್‌ಎಫ್‌ನಲ್ಲಿ ಚುಕ್ಕೆ ಚುಕ್ಕೆ ಇಡುತ್ತಾ ನಾಳದ ಬಾಯಿಯ ಸುತ್ತ ಬೇಲಿ ಹಾಕಬೇಕು. ಕ್ರಯೋದಲ್ಲಿ ಬಲೂನನ್ನು ಬಾಯಿಗೆ ಒತ್ತಿ ಎರಡರಿಂದ ನಾಲ್ಕು ನಿಮಿಷ ಹೆಪ್ಪುಗಟ್ಟಿಸಿದರೆ ಇಡೀ ಸುತ್ತು ಒಂದೇ ಸಲಕ್ಕೆ ಆಗುತ್ತದೆ. ಸಾಮಾನ್ಯವಾಗಿ ಬಳಸುವ ಬಲೂನಿನ ಅಡ್ಡಳತೆ 28 ಮಿಲಿಮೀಟರ್. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2010ರ ಕೊನೆಗೆ.

ಮೇಲೆ ಹೇಳಿದ ಮೈನಸ್ 30ರ ಪರೀಕ್ಷೆಯ ಲಾಭ ಇಲ್ಲಿ ಇಲ್ಲ. ಎವಿ ನೋಡ್ ಇಲ್ಲಿಂದ ದೂರ. ಹಾಗಾಗಿ "ಕ್ರಯೋದಲ್ಲಿ ಪೇಸ್‌ಮೇಕರ್ ಭಯ ಇಲ್ಲ" ಅನ್ನುವ ಮಾತನ್ನು ಎಎಫ್‌ಗೆ ತಂದು ಅಂಟಿಸುವುದರಲ್ಲಿ ಅರ್ಥವಿಲ್ಲ. ಹೋಲಿಕೆ ಹೊಸದಾಗಿ ಮಾಡಬೇಕು.

2016ರ ಫೈರ್ ಅಂಡ್ ಐಸ್ ಅಧ್ಯಯನ ಅದನ್ನೇ ಮಾಡಿತು. ಬಂದು ಹೋಗುವ ಬಗೆಯ ಎಎಫ್ ಇದ್ದ 762 ಜನ. ಚಿಕಿತ್ಸೆ ಫಲಿಸದವರು ಬಲೂನಿನಲ್ಲಿ ಶೇ 34.6, ಆರ್‌ಎಫ್‌ನಲ್ಲಿ ಶೇ 35.9. ಸುರಕ್ಷತೆಯ ತೊಂದರೆ ಬಲೂನಿನಲ್ಲಿ ಶೇ 10.2, ಆರ್‌ಎಫ್‌ನಲ್ಲಿ ಶೇ 12.8. ಲೆಕ್ಕಶಾಸ್ತ್ರದ ಪ್ರಕಾರ ಎರಡರಲ್ಲೂ ವ್ಯತ್ಯಾಸ ಇಲ್ಲ. ಒಟ್ಟು ಮೊತ್ತ ಸರಿಸಮ, ಆದರೆ ಒಳಗಿನ ಪಟ್ಟಿ ಬೇರೆ.

ಬಲೂನಿನ ವಿಶೇಷ ತೊಂದರೆ ಫ್ರೆನಿಕ್ ನರದ್ದು. ಉಸಿರಾಡಲು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಕುಗ್ಗಿಸುವ ಈ ನರ ಬಲ ಮೇಲಿನ ನಾಳದ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೂ ತಂಪು ತಟ್ಟಿದರೆ ಬಲಗಡೆಯ ವಪೆ ಸೋತುಹೋಗುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಫೈರ್ ಅಂಡ್ ಐಸ್‌ನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವಾಗಲೂ ಈ ತೊಂದರೆ ಉಳಿದಿದ್ದವರು ಬಲೂನು ಗುಂಪಿನಲ್ಲಿ ಶೇ 2.7. ಆರ್‌ಎಫ್‌ನಲ್ಲಿ ಯಾರೂ ಇಲ್ಲ. ಒಂದು ವರ್ಷದೊಳಗೆ ಬಹುತೇಕ ಎಲ್ಲರಿಗೂ ಸರಿಹೋಯಿತು. ಹಾಡುಗಾರರು, ಓಟಗಾರರು, ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರು ಈ ಒಂದು ಅಂಶವನ್ನು ಉಳಿದವರಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದನ್ನು ತಪ್ಪಿಸಲು ದಾರಿ ಇದೆ. ಬಲಗಡೆಯ ನಾಳಗಳನ್ನು ಹೆಪ್ಪುಗಟ್ಟಿಸುವಾಗ ಇನ್ನೊಂದು ಕ್ಯಾಥೆಟರಿನಿಂದ ಫ್ರೆನಿಕ್ ನರಕ್ಕೆ ಸಣ್ಣ ವಿದ್ಯುತ್ ಕೊಡುತ್ತಾ ಇರುತ್ತಾರೆ. ಪ್ರತಿ ಸಲವೂ ವಪೆ ಜಿಗಿಯುತ್ತದೆ. ಒಬ್ಬರು ಹೊಟ್ಟೆಯ ಮೇಲೆ ಕೈಯಿಟ್ಟು ಅದನ್ನು ಗಮನಿಸುತ್ತಾರೆ. ಜಿಗಿತ ಸ್ವಲ್ಪ ಮಂಕಾದರೂ ಕೂಡಲೇ ತಂಪು ನಿಲ್ಲಿಸುತ್ತಾರೆ. ವಪೆಯ ವಿದ್ಯುತ್ ಸಂಕೇತವನ್ನೇ ಅಳೆಯುವವರೂ ಇದ್ದಾರೆ. ನಿಮ್ಮ ಡಾಕ್ಟರ ಬಳಿ "ಫ್ರೆನಿಕ್ ನರವನ್ನು ಹೇಗೆ ಗಮನಿಸುತ್ತೀರಿ?" ಅಂತ ಕೇಳಿ. ಕ್ರಯೋ ಬಲೂನು ದಿನಾ ಮಾಡುವವರು ಇದಕ್ಕೆ ಒಂದೇ ಉಸಿರಿನಲ್ಲಿ ಉತ್ತರ ಕೊಡುತ್ತಾರೆ.

ಆರ್‌ಎಫ್ ಕಡೆಯ ಭಯ ಬೇರೆ. ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳ ಇದೆ. ಹೆಚ್ಚು ಸುಟ್ಟರೆ ಎರಡರ ನಡುವೆ ತೂತು ಬೀಳಬಹುದು. ತೀರಾ ಅಪರೂಪ, ಆದರೆ ಆದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಪಾಟರ್ ಎಎಫ್ ಅನ್ನುವ ಅಂತರರಾಷ್ಟ್ರೀಯ ದಾಖಲೆ ಐದೂವರೆ ಲಕ್ಷ ಅಬ್ಲೇಶನ್‌ಗಳನ್ನು ನೋಡಿತು. ಈ ತೂತು ಆರ್‌ಎಫ್‌ನಲ್ಲಿ ಶೇ 0.038, ಕ್ರಯೋ ಬಲೂನಿನಲ್ಲಿ ಶೇ 0.0015. ಎರಡೂ ಚಿಕ್ಕವೇ. ಆದರೂ ನಡುವಿನ ಅಂತರ ದೊಡ್ಡದು. ಹೃದಯದ ಸುತ್ತ ರಕ್ತ ತುಂಬಿಕೊಳ್ಳುವ ಟ್ಯಾಂಪೊನೇಡ್ ಕೂಡ ಬಲೂನಿನಲ್ಲಿ ಕಡಿಮೆ. ಕ್ಯಾಥೆಟರ್ ತುದಿಯನ್ನು ಗೋಡೆಗೆ ಒತ್ತುತ್ತಾ ಚುಕ್ಕೆ ಚುಕ್ಕೆ ಇಡುವ ಕೆಲಸ ಇಲ್ಲವಲ್ಲ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಸ್ಟ್ರೋಕ್ ಎರಡರಲ್ಲೂ ನೂರಕ್ಕೆ ಒಂದಕ್ಕಿಂತ ಕಡಿಮೆ. ತೊಡೆಸಂದಿನಲ್ಲಿ ರಕ್ತ ಕಟ್ಟುವುದು, ಊತ ಎರಡರಲ್ಲೂ ಉಂಟು. ಬಲೂನು ನಾಳದ ಬಾಯಿಯನ್ನು ಸರಿಯಾಗಿ ಮುಚ್ಚಿದೆಯೇ ಅಂತ ನೋಡಲು ಸಾಮಾನ್ಯವಾಗಿ ಎಕ್ಸ್‌ರೇ ಬಣ್ಣ ಬಿಡುತ್ತಾರೆ. ಹಾಗಾಗಿ ಎಕ್ಸ್‌ರೇ ಮತ್ತು ಬಣ್ಣ ಎರಡೂ ಆರ್‌ಎಫ್‌ಗಿಂತ ಜಾಸ್ತಿ. ಕಿಡ್ನಿ ದುರ್ಬಲ ಇರುವವರು, ಆ ಬಣ್ಣಕ್ಕೆ ಅಲರ್ಜಿ ಇರುವವರು ಮೊದಲೇ ಹೇಳಬೇಕು. ಬಲೂನಿನ ನಂತರ ಕೆಲವು ದಿನ ಕೆಮ್ಮು, ತಲೆನೋವು ಬರಬಹುದು. ಹೊಟ್ಟೆಯ ನರಕ್ಕೆ ತಂಪು ತಟ್ಟಿ ಸ್ವಲ್ಪ ತಿಂದರೂ ಹೊಟ್ಟೆ ಉಬ್ಬರಿಸುವುದೂ ಉಂಟು.

ಬಲೂನು ಮಾಡುವುದು ಒಂದೇ ಕೆಲಸ, ನಾಳ ಬೇರ್ಪಡಿಸುವುದು. ತಿಂಗಳುಗಟ್ಟಲೆ ನಿಲ್ಲದೆ ಇರುವ ಎಎಫ್‌ನಲ್ಲಿ ಬೇರೆ ಕಡೆಯೂ ಗೆರೆ ಹಾಕಬೇಕಾದರೆ, ಅಥವಾ ಜತೆಗೆ ಫ್ಲಟರ್ ಇದ್ದರೆ, ಆರ್‌ಎಫ್‌ಗೆ ಕೈ ಆಡಿಸಲು ಜಾಸ್ತಿ ಜಾಗ ಇದೆ.

ಪಿಎಫ್‌ಎ ಬಂದ ಮೇಲೆ

ಎಎಫ್‌ಗೆ ಸೀಮಿತವಾಗಿ ಹೇಳುವುದಾದರೆ ಈಗ ಚರ್ಚೆ ಬದಲಾಗಿದೆ. ಪಿಎಫ್‌ಎ ಸುಡುವುದೂ ಇಲ್ಲ, ಹೆಪ್ಪುಗಟ್ಟಿಸುವುದೂ ಇಲ್ಲ. ಸಾವಿರಾರು ವೋಲ್ಟಿನ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಮಿಡಿತಗಳಿಂದ ಕೋಶದ ಗೋಡೆಯಲ್ಲಿ ರಂಧ್ರ ಮಾಡುತ್ತದೆ. ಹೃದಯದ ಸ್ನಾಯು ಇದಕ್ಕೆ ಬೇಗ ಬಲಿಯಾಗುತ್ತದೆ, ನರ ಮತ್ತು ಅನ್ನನಾಳ ಹೆಚ್ಚು ತಡೆದುಕೊಳ್ಳುತ್ತವೆ. 17 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಅನ್ನನಾಳದ ತೂತಾಗಲಿ, ಶಾಶ್ವತ ಫ್ರೆನಿಕ್ ಹಾನಿಯಾಗಲಿ ಕಂಡಿಲ್ಲ. ಒಟ್ಟು ದೊಡ್ಡ ತೊಂದರೆಗಳು ಸುಮಾರು ಶೇ 1.

2025ರಲ್ಲಿ ಬಂದ ಸಿಂಗಲ್ ಶಾಟ್ ಚಾಂಪಿಯನ್ ಅಧ್ಯಯನ ಇದನ್ನು ಕ್ರಯೋ ಬಲೂನಿನ ಜತೆ ನೇರವಾಗಿ ಹೋಲಿಸಿತು. 210 ಜನರ ಎದೆಯಲ್ಲಿ ಚರ್ಮದಡಿ ಮಾನಿಟರ್ ಇಟ್ಟು ಒಂದು ವರ್ಷ ನೋಡಿದರು. ಬಡಿತ ಮತ್ತೆ ಕೆಟ್ಟವರು ಪಿಎಫ್‌ಎಯಲ್ಲಿ ಶೇ 37.1, ಕ್ರಯೋದಲ್ಲಿ ಶೇ 50.7. ಮಾನಿಟರ್ ಸದಾ ಕಾವಲಿರುವುದರಿಂದ ಸಣ್ಣ ಸಣ್ಣ ಓಟವೂ ಲೆಕ್ಕಕ್ಕೆ ಬಂದಿದೆ, ಈ ದೊಡ್ಡ ಸಂಖ್ಯೆ ನೋಡಿ ಹೆದರಬೇಡಿ.

ಪಿಎಫ್‌ಎಗೂ ಅದರದ್ದೇ ತೊಂದರೆ ಉಂಟು. ಹೃದಯಕ್ಕೆ ರಕ್ತ ಕೊಡುವ ನಾಳ ಕೆಲವೊಮ್ಮೆ ಸೆಟೆದುಕೊಳ್ಳುತ್ತದೆ. ಮಿಡಿತಗಳ ಸಂಖ್ಯೆ ಜಾಸ್ತಿಯಾದರೆ ಕೆಂಪು ರಕ್ತಕಣಗಳು ಒಡೆದು ಕಿಡ್ನಿಗೆ ಹೊರೆಯಾಗಬಹುದು. ಮೈ ಸ್ನಾಯುಗಳು ಎಳೆಯುವುದರಿಂದ ಗಾಢ ಮಂಪರು ಅಥವಾ ಪೂರ್ತಿ ಅರಿವಳಿಕೆ ಬೇಕು. ಅಮೆರಿಕದಲ್ಲಿ ಇದಕ್ಕೆ ಮೊದಲ ಅನುಮತಿ ಸಿಕ್ಕಿದ್ದೇ 2023ರ ಡಿಸೆಂಬರಿನಲ್ಲಿ. ಹತ್ತು ವರ್ಷದ ನಂತರದ ಕಥೆ ಕ್ರಯೋ ಮತ್ತು ಆರ್‌ಎಫ್‌ಗೆ ಇದೆ, ಇದಕ್ಕೆ ಇನ್ನೂ ಇಲ್ಲ.

ನನ್ನ ತೂಕ ಹೀಗೆ: ಎಎಫ್‌ಗೆ ಪಿಎಫ್‌ಎ ಅನುಭವ ಇರುವ ತಂಡ ಕೈಗೆಟುಕಿದರೆ ಅದನ್ನೇ ಮೊದಲು ವಿಚಾರಿಸಿ. ಎಟುಕದಿದ್ದರೆ, ನೂರಾರು ಬಲೂನು ಮಾಡಿದ ಕೈ ಈಗ ತಾನೇ ಪಿಎಫ್‌ಎ ಕಲಿಯುತ್ತಿರುವ ಕೈಗಿಂತ ವಾಸಿ. ಎವಿಎನ್‌ಆರ್‌ಟಿಯಲ್ಲಿ ಈ ಮಾತು ಬರುವುದೇ ಇಲ್ಲ. ಅಲ್ಲಿ ಪೈಪೋಟಿ ಈಗಲೂ ಕ್ರಯೋ ಮತ್ತು ಆರ್‌ಎಫ್ ನಡುವೆಯೇ.

ಮಾತ್ರೆಯಲ್ಲೇ ಇದ್ದರೆ?

ಮಾತ್ರೆ ಅಂದರೆ ಅಪಾಯವಿಲ್ಲ, ಕ್ಯಾಥೆಟರ್ ಅಂದರೆ ಅಪಾಯ ಅನ್ನುವ ಭಾವನೆ ಬಹಳ ಜನರಲ್ಲಿದೆ. ಅಂಕಿ ಹಾಗೆ ಹೇಳುವುದಿಲ್ಲ. 2021ರ ಅರ್ಲಿ ಎಎಫ್ ಅಧ್ಯಯನದಲ್ಲಿ 303 ಜನರಲ್ಲಿ ಅರ್ಧಕ್ಕೆ ಮೊದಲೇ ಕ್ರಯೋ ಬಲೂನು, ಉಳಿದವರಿಗೆ ಲಯ ಸರಿಪಡಿಸುವ ಮಾತ್ರೆ ಕೊಟ್ಟರು. ವರ್ಷದಲ್ಲಿ ಬಡಿತ ಮತ್ತೆ ಕೆಟ್ಟವರು ಶೇ 42.9 ಮತ್ತು ಶೇ 67.8. ಗಂಭೀರ ತೊಂದರೆ ಆದವರು ಶೇ 3.2 ಮತ್ತು ಶೇ 4.0. ಮಾತ್ರೆ ಗುಂಪಿನಲ್ಲಿ ತೊಂದರೆ ಕಡಿಮೆ ಇರಲಿಲ್ಲ.

ಲಯ ಸರಿಪಡಿಸುವ ಮಾತ್ರೆಗಳಲ್ಲಿ ಒಂದಾದ ಅಮಿಯೋಡರೋನ್ ದೀರ್ಘಕಾಲ ತೆಗೆದುಕೊಂಡರೆ ಥೈರಾಯ್ಡ್, ಶ್ವಾಸಕೋಶ, ಯಕೃತ್ತಿನ ಮೇಲೆ ಕಣ್ಣಿಡಬೇಕು. ಇನ್ನೊಂದಾದ ಫ್ಲೆಕೈನೈಡ್ ಹಾರ್ಟ್ ಅಟ್ಯಾಕ್ ಆದವರಿಗೆ ಸಲ್ಲದು. ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಆಸ್ತಮಾ ಇರುವವರಿಗೆ ತೊಂದರೆ ಕೊಡಬಹುದು.

ಎವಿಎನ್‌ಆರ್‌ಟಿಯಲ್ಲಿ ಮಾತ್ರ "ಸದ್ಯಕ್ಕೆ ಏನೂ ಬೇಡ" ಅನ್ನುವುದು ಗೌರವದ ಆಯ್ಕೆಯೇ. ವರ್ಷಕ್ಕೆ ಒಂದೆರಡು ಸಲ ಬಂದು ಐದು ನಿಮಿಷದಲ್ಲಿ ಹೋದರೆ, ಹೃದಯ ಬೇರೆ ರೀತಿಯಲ್ಲಿ ಆರೋಗ್ಯವಾಗಿದ್ದರೆ, ಕಾಯಬಹುದು. ಬಂದಾಗ ನಿಲ್ಲಿಸಲು ಒಂದು ಉಪಾಯ ಇದೆ. ಒರಗಿ ಕೂತು, ಬಾಯಿ ಮೂಗು ಬಿಗಿಹಿಡಿದು 15 ಸೆಕೆಂಡು ಜೋರಾಗಿ ತಿಣುಕಬೇಕು. ಕೂಡಲೇ ಅಂಗಾತ ಮಲಗಬೇಕು. ಇನ್ನೊಬ್ಬರು ಎರಡೂ ಕಾಲನ್ನು ಮೇಲೆತ್ತಿ 15 ಸೆಕೆಂಡು ಹಿಡಿಯಬೇಕು. 2015ರ ರಿವರ್ಟ್ ಅಧ್ಯಯನದಲ್ಲಿ ಇದರಿಂದ ಶೇ 43 ಜನರ ಬಡಿತ ಸರಿಹೋಯಿತು. ಕಾಲೆತ್ತದೆ ಬರೀ ತಿಣುಕಿದವರಲ್ಲಿ ಶೇ 17. ಮೊದಲ ಸಲ ಇದನ್ನು ಡಾಕ್ಟರ ಎದುರಲ್ಲೇ ಕಲಿಯುವುದು ಒಳ್ಳೆಯದು. ಪದೇಪದೇ ಬರುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ಕಾಯುವುದರಲ್ಲಿ ಅರ್ಥವಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು

ವಿಧಾನಕ್ಕಿಂತ ಕೈ ಮುಖ್ಯ ಅನ್ನುವುದು ಹಳೇ ಮಾತಾದರೂ ಇಲ್ಲಿ ಅಳೆಯಬಹುದಾದ ಮಾತು. ನೀವು ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡುತ್ತೀರಿ, ನಿಮ್ಮ ರೋಗಿಗಳಲ್ಲಿ ಎಷ್ಟು ಜನರಿಗೆ ಪೇಸ್‌ಮೇಕರ್ ಬೇಕಾಯಿತು, ಎಷ್ಟು ಜನರಿಗೆ ಮತ್ತೆ ಬಂತು ಅಂತ ಕೇಳಿ. ಕೇಳಿದ್ದಕ್ಕೆ ಸಿಡುಕುವವರಿದ್ದರೆ ಅದೂ ಒಂದು ಉತ್ತರ. ಒಳಗೆ ಹೋದ ಮೇಲೆ ತಂತು ಅಥವಾ ದಾರಿ ನೋಡ್‌ಗೆ ತೀರಾ ಹತ್ತಿರ ಅಂತ ಕಂಡರೆ ಆರ್‌ಎಫ್‌ನಿಂದ ಕ್ರಯೋಗೆ ಬದಲಿಸಲು ಅಲ್ಲೇ ಯಂತ್ರ ಇದೆಯೇ ಅಂತಲೂ ವಿಚಾರಿಸಿ. ನನ್ನ ಮಟ್ಟಿಗೆ ಎವಿಎನ್‌ಆರ್‌ಟಿಯಲ್ಲಿ ಅತ್ಯಂತ ಉಪಯೋಗದ ಪ್ರಶ್ನೆ ಇದು.

ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಮೈಯಲ್ಲಿ ಸೋಂಕು ಇದ್ದರೆ ಬಲೂನು ಮಾಡುವುದಿಲ್ಲ. ಕ್ರಯೋಗ್ಲೋಬ್ಯುಲಿನ್ ಅನ್ನುವ, ತಂಪಿಗೆ ಗಟ್ಟಿಯಾಗುವ ಪ್ರೋಟೀನ್ ರಕ್ತದಲ್ಲಿ ಇರುವ ಅಪರೂಪದ ಕಾಯಿಲೆಯವರಿಗೂ ಇದು ಬೇಡ. ಗರ್ಭಿಣಿಯರಿಗೆ ಎಕ್ಸ್‌ರೇ ಕಾರಣಕ್ಕೆ ಸಾಧ್ಯವಾದಷ್ಟು ಮುಂದೂಡುತ್ತಾರೆ.

ಮನೆಗೆ ಬಂದ ಮೇಲೆ

ಎವಿಎನ್‌ಆರ್‌ಟಿ ಆದವರು ತೊಡೆಸಂದಿನ ಗಾಯ ನೋಡಿಕೊಂಡರೆ ಹೆಚ್ಚು ಕಡಿಮೆ ಮುಗಿಯಿತು. ಕೆಲವು ದಿನ ಭಾರ ಎತ್ತಬೇಡಿ. ಆಗಾಗ ಒಂದು ಬಡಿತ ತಪ್ಪಿದಂತೆ ಅನ್ನಿಸುವುದು ಸಹಜ, ಹಳೇ ಬಡಿತ ಮತ್ತೆ ಬಂತು ಅಂತ ಅಲ್ಲ.

ಎಎಫ್ ಆದವರಿಗೆ ಮೊದಲ ಎರಡು ಮೂರು ತಿಂಗಳು ಗಾಯ ಮಾಗುವ ಕಾಲ. ಆಗ ಬಡಿತ ಕೆಟ್ಟರೂ ಚಿಕಿತ್ಸೆ ಸೋತಿತು ಅಂತ ಲೆಕ್ಕ ಹಾಕುವುದಿಲ್ಲ. ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಕನಿಷ್ಠ ಆ ಅವಧಿಗೆ ಬಿಡುವಂತಿಲ್ಲ. ಆಮೇಲೆ ಬಿಡುವುದೋ ಬೇಡವೋ ಅನ್ನುವುದು ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿತ್ತೇ ಅನ್ನುವುದರ ಮೇಲಿದೆ. ಬಡಿತ ಚೆನ್ನಾಗಿದೆ ಅಂತ ನೀವೇ ನಿಲ್ಲಿಸಬೇಡಿ.

ಎರಡು ತಿಂಗಳೊಳಗೆ ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಬಂದರೂ ಹತ್ತಿರದ ಎಮರ್ಜೆನ್ಸಿಗೆ ಹೋಗಿ. ಹೋದ ಕೂಡಲೇ ಹೇಳಬೇಕಾದ ಮೊದಲ ಮಾತು "ನನಗೆ ಹೃದಯದ ಅಬ್ಲೇಶನ್ ಆಗಿದೆ, ಇಂಥ ದಿನ" ಅನ್ನುವುದು. ಅನ್ನನಾಳದ ತೂತಿನ ಅನುಮಾನ ಇದ್ದರೆ ಮೊದಲು ಮಾಡಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಗೊತ್ತಿಲ್ಲದೆ ಎಂಡೋಸ್ಕೋಪಿ ಹಾಕಿ ಗಾಳಿ ಬಿಟ್ಟರೆ ಆ ಗಾಳಿ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮೆದುಳಿಗೆ ಹೋಗಬಹುದು. ಡಿಸ್ಚಾರ್ಜ್ ಕಾಗದದ ಒಂದು ಫೋಟೋ ನಿಮ್ಮ ಮೊಬೈಲಿನಲ್ಲೂ, ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.